ಏಳನೇ ನಂಬರಿನ ಬೆರಳು

ನಮ್ಮ ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನಂತೂ ನೋಡಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಒಂಚುಚ್ಚಕ್ಕ. ಒಂದೇ ಚುಚ್ಚಿಗೆ ರಕ್ತ ತೆಗೆಯುವ ಅಕ್ಕ ಅನ್ನುವುದು ಬಾಯಿಂದ ಬಾಯಿಗೆ ಸವೆದು ಸವೆದು ಹಾಗಾಗಿತ್ತು. ಇಪ್ಪತ್ತಾರು ವರ್ಷ ನರ್ಸ್ ಕೆಲಸ ಮಾಡಿದವಳು. ನರ ಬತ್ತಿಹೋದ ಮುದುಕರು, ಕೈ ಕೊಡದೆ ಒದ್ದಾಡುವ ಮಕ್ಕಳು, ಮೂರು ಮಂದಿ ಚುಚ್ಚಿ ಸೋತು ಬಿಟ್ಟ ದಪ್ಪ ತೋಳುಗಳು, ಎಲ್ಲ ಕೊನೆಗೆ ಅವಳ ಪಾಲಿಗೆ. ಬಂದು ಕೂತು "ಊಟ ಆಯ್ತಾ?" ಅಂತ ಕೇಳುವಳು. ಆಯ್ತು ಅನ್ನುವಷ್ಟರಲ್ಲಿ ರಕ್ತ ಸಿರಿಂಜಿನಲ್ಲಿರುತ್ತಿತ್ತು. ಅವಳ ಕೈಗುಣ ಒಳ್ಳೆಯದು ಅಂತ ಜನ ಅವಳ ಪಾಳಿ ಯಾವತ್ತು ಅಂತ ವಿಚಾರಿಸಿಕೊಂಡು ಬರುತ್ತಿದ್ದರು.

ಗುಟ್ಟು ಅವಳ ಎಡಗೈಯ ತೋರುಬೆರಳಿನಲ್ಲಿತ್ತು. ಗ್ಲೌಸ್ ಹಾಕಿದರೆ ನರ ತಿಳಿಯುವುದಿಲ್ಲ ಅಂತ ಆ ಒಂದು ಬೆರಳಿನ ತುದಿಯನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸಿಬಿಡುತ್ತಿದ್ದಳು. ಸ್ಪಿರಿಟಿನಿಂದ ಚರ್ಮ ಒರೆಸಿದ ಮೇಲೆ, ಸೂಜಿ ಇಳಿಸುವ ಮುಂಚೆ, ಆ ಬರಿ ಬೆರಳಿಗೂ ಚೂರು ಸ್ಪಿರಿಟ್ ಸವರಿ ನರವನ್ನು ಇನ್ನೊಂದು ಸಲ ಮುಟ್ಟಿ ಖಾತ್ರಿ ಮಾಡಿಕೊಳ್ಳುವುದು ಅವಳ ರೂಢಿ. ಅವಳಿಗೆ ಕೆಲಸ ಕಲಿಸಿದ ಹಿರಿಯ ನರ್ಸ್ ಹಾಗೆಯೇ ಹೇಳಿಕೊಟ್ಟಿದ್ದರಂತೆ. ಇವಳೂ ತನ್ನ ಕೈಕೆಳಗೆ ಬಂದ ಹುಡುಗಿಯರಿಗೆ ಅದನ್ನೇ ಹೇಳಿಕೊಟ್ಟಳು. ಅವರಲ್ಲಿ ಇಬ್ಬರ ಜೇಬಿನಲ್ಲಿ ಯಾವಾಗಲೂ ಪುಟ್ಟ ಕತ್ತರಿ ಇರುತ್ತಿತ್ತು.

ನಾನು ಲ್ಯಾಬಿನವನು. ಇಳಿಯದ ಜ್ವರ ಇರುವವರ ರಕ್ತವನ್ನು ಕಲ್ಚರ್ ಬಾಟಲಿಗೆ ಹಾಕಿ ನನಗೆ ಕಳಿಸುತ್ತಾರೆ. ಅದನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಐದು ದಿನ ಇಟ್ಟು, ಅದರಲ್ಲಿ ಕ್ರಿಮಿ ಬೆಳೆಯುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ. ರಕ್ತದಲ್ಲಿ ಕ್ರಿಮಿ ಇದ್ದರೆ ಬೆಳೆಯುತ್ತದೆ. ರಕ್ತ ತೆಗೆಯುವಾಗ ಚರ್ಮದ ಮೇಲಿನ ಕ್ರಿಮಿ ಸೇರಿಕೊಂಡರೂ ಬೆಳೆಯುತ್ತದೆ. ಎಷ್ಟೋ ಸಲ ಎರಡನ್ನೂ ಬೇರೆ ಮಾಡಿ ಹೇಳುವುದು ಕಷ್ಟ. ಅಕ್ಕ ತೆಗೆದ ಬಾಟಲಿಗಳಲ್ಲಿ ಚರ್ಮದ ಕ್ರಿಮಿ ಸ್ವಲ್ಪ ಜಾಸ್ತಿಯೇ ಬೆಳೆಯುತ್ತದೆ ಅನ್ನುವ ಅನುಮಾನ ನನಗೆ ವರ್ಷಗಳಿಂದ ಇತ್ತು. ಲ್ಯಾಬಿನಲ್ಲಿ ನಾವು "ಅಕ್ಕನ ಬೆಳೆ ಬಂತು ನೋಡ್ರಪ್ಪ" ಅಂತ ನಗುತ್ತಿದ್ದೆವು. ನಕ್ಕೆವೇ ಹೊರತು ಒಂದು ದಿನ ಕೂತು ಎಣಿಸಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ನಾನೂ ಸುಮ್ಮನಿದ್ದೆ. ಇಡೀ ಆಸ್ಪತ್ರೆ ಕೊಂಡಾಡುವ ಕೈಯ ಮೇಲೆ ಬಾಟಲಿ ಕಾಯುವವನು ದೂರು ಹೇಳಿದರೆ ಯಾರು ಕೇಳುತ್ತಾರೆ? ಇದು ನಾನು ನನಗೇ ಹೇಳಿಕೊಂಡ ಸಬೂಬು.

ಎಣಿಸುವುದಕ್ಕೆ ಒಬ್ಬಳು ಬಂದಳು. ವಯಸ್ಸಿನಲ್ಲಿ ಚಿಕ್ಕವಳು, ಮಾತು ಕಡಿಮೆ, ಕೈಯಲ್ಲಿ ಯಾವಾಗಲೂ ಒಂದು ರಟ್ಟಿನ ಹಲಗೆ, ಅದಕ್ಕೆ ಸಿಕ್ಕಿಸಿದ ಹಾಳೆಗಳು. ಬಂದ ವಾರದಲ್ಲೇ ನಾವು ಲೆಕ್ಕದ ಡಾಕ್ಟರಮ್ಮ ಅಂತ ಹೆಸರಿಟ್ಟೆವು. ಇನ್ನು ಮೇಲೆ ಮೂರು ಮೂರು ತಿಂಗಳಿಗೆ ಒಂದೊಂದು ದಿನನಿತ್ಯದ ಕೆಲಸವನ್ನು ಅಳೆದು, ತಿದ್ದಿ, ಮತ್ತೆ ಅಳೆದು ನೋಡುತ್ತೇವೆ, ಮೊದಲನೆಯದು ರಕ್ತ ತೆಗೆಯುವುದು ಅಂದಳು. "ಇದು ಬೈಯೋದಕ್ಕಲ್ಲ, ನೋಡೋದಕ್ಕೆ," ಅಂದಳು. ಬೈಯುವವರೂ ಮೊದಲು ಹೀಗೇ ಹೇಳುತ್ತಾರೆ ಅಂತ ನಮಗೆ ಗೊತ್ತಿತ್ತು, ಹಾಗಾಗಿ ಎಲ್ಲರೂ ಹೆದರಿದೆವು. ಯಾರಿಗೂ ಮುಖಭಂಗ ಆಗಬಾರದು ಅಂತ ಪ್ರತಿಯೊಬ್ಬ ನರ್ಸಿಗೂ ಒಂದು ನಂಬರು ಕೊಟ್ಟು, ಅದನ್ನು ಅಂಟಿಸಿದ ಲಕೋಟೆಯಲ್ಲಿಟ್ಟು ಹಂಚಿದಳು. ಯಾವ ನಂಬರು ಯಾರದು ಅನ್ನುವುದು ಅವಳಿಗೆ ಗೊತ್ತಿತ್ತು. ಪಟ್ಟಿ ಬರೆದುಕೊಟ್ಟ ನನಗೂ ಗೊತ್ತಿತ್ತು.

ಮೂರು ತಿಂಗಳಾದ ಮೇಲೆ ಕ್ಯಾಂಟೀನಿನ ಗೋಡೆಗೆ ಚಾರ್ಟ್ ಬಂತು. ಒಬ್ಬೊಬ್ಬರು ತೆಗೆದ ನೂರು ಬಾಟಲಿಯಲ್ಲಿ ಎಷ್ಟರಲ್ಲಿ ಚರ್ಮದ ಕ್ರಿಮಿ ಸೇರಿದೆ ಅಂತ ನೆಟ್ಟಗೆ ನಿಂತ ಪಟ್ಟಿಗಳು. ಸುಮಾರು ಎಲ್ಲವೂ ಎರಡು, ಮೂರರ ಎತ್ತರ. ನಾಲ್ಕನೆಯದೂ ಒಂಬತ್ತನೆಯದೂ ಆರರವರೆಗೆ ಏರಿದ್ದವು. ಏಳನೆಯದು ಮಾತ್ರ ಹನ್ನೊಂದು. ಅಕ್ಕ ಚಹಾದ ಲೋಟ ಹಿಡಿದು ಅದರ ಮುಂದೆ ನಿಂತಳು.

"ಈ ಏಳನೇ ನಂಬರು ಯಾವಳೇ? ಹೊಸದಾಗಿ ಬಂದವಳೇ ಇರಬೇಕು. ಇಂಥವಳ ಕೈಗೆ ಸೂಜಿ ಕೊಟ್ಟವರಿಗೆ ಬುದ್ಧಿ ಇಲ್ಲ," ಅಂದಳು. ಹುಡುಗಿಯರು ನಕ್ಕರು. ಹೊಸಬಳೊಬ್ಬಳ ಮುಖ ಸಪ್ಪಗಾಯಿತು.

"ನಿನ್ನ ನಂಬರು ಯಾವುದಕ್ಕಾ?" ಅಂತ ಯಾರೋ ಕೇಳಿದರು.

"ನಂದೇನು ನೋಡೋದು, ಬಿಡು," ಅಂದಳು. ಅವಳ ಲಕೋಟೆ ಅಂಟಿಸಿದ್ದು ಅಂಟಿಸಿದ ಹಾಗೇ ಏಪ್ರನ್ ಜೇಬಿನಲ್ಲಿತ್ತು. ಅದರ ತುದಿ ನನಗೆ ಕಾಣಿಸುತ್ತಿತ್ತು. ಚಹಾ ಅರ್ಧಕ್ಕೇ ಬಿಟ್ಟು ನಾನು ಎದ್ದು ಬಂದುಬಿಟ್ಟೆ.

ಆ ಲಕೋಟೆ ಯಾವಾಗ ಒಡೆದಳೋ ಗೊತ್ತಿಲ್ಲ. ಎರಡು ದಿನ ಕಾಣಿಸಲಿಲ್ಲ. ಮೂರನೇ ದಿನ ಬೆಳಗ್ಗೆ ಲ್ಯಾಬಿನ ಬಾಗಿಲು ತಳ್ಳಿಕೊಂಡು ಬಂದಳು. ಕಣ್ಣು ಕೆಂಪಗಿತ್ತು.

"ಏನಯ್ಯಾ, ನಿನ್ನ ಪೆಟ್ಟಿಗೆ ಸರಿಯಾಗಿ ತೊಳೀತೀಯಾ? ನಿನ್ನ ಬಾಟಲಿಗಳೇ ಕೊಳಕು. ಅದನ್ನ ನನ್ನ ತಲೆಗೆ ಕಟ್ತಿದೀರಾ?"

"ಎಲ್ಲರ ಬಾಟಲೀನೂ ಒಂದೇ ಪೆಟ್ಟಿಗೇಲಿ ಇಡೋದಕ್ಕಾ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಅವಳಿಗೆ ಹಾಗೆ ಅಂದದ್ದು ಅದೇ ಮೊದಲು. ಇಪ್ಪತ್ತು ವರ್ಷದಿಂದ ನನ್ನನ್ನು ತಮ್ಮನ ಹಾಗೆ ನೋಡಿಕೊಂಡವಳು ಸ್ಟೂಲು ಎಳೆದುಕೊಂಡು ಕೂತಳು.

ವಾದಿಸಿ ಪ್ರಯೋಜನವಿರಲಿಲ್ಲ. ಹೊಸ ಗ್ಲೌಸಿನ ಪೊಟ್ಟಣ ಒಡೆದು ಕೊಟ್ಟೆ. "ಯಾವಾಗಲೂ ಮಾಡೋ ಹಾಗೇ ಮಾಡು," ಅಂದೆ. ಕತ್ತರಿ ತೆಗೆದು ತೋರುಬೆರಳ ತುದಿ ಕತ್ತರಿಸಿದಳು, ಅದಕ್ಕೆ ಸ್ಪಿರಿಟ್ ಸವರಿದಳು. ಕ್ರಿಮಿ ಬೆಳೆಸುವ ಗಾಜಿನ ತಟ್ಟೆಯಲ್ಲಿ ಐದೂ ಬೆರಳು ಒತ್ತಿಸಿ ಪೆಟ್ಟಿಗೆಯಲ್ಲಿಟ್ಟೆ. ಮರುದಿನ ಅವಳು ಬರುವ ಮುಂಚೆಯೇ ತೆಗೆದು ನೋಡಿದೆ. ನಾಲ್ಕು ಗುರುತುಗಳ ಜಾಗ ಹೆಚ್ಚುಕಡಿಮೆ ಖಾಲಿ. ತೋರುಬೆರಳಿನ ಗುರುತಿನಲ್ಲಿ ಮಾತ್ರ ಬೆರಳ ತುದಿಯ ಆಕಾರದಲ್ಲೇ ಬಿಳಿ ಚುಕ್ಕಿಗಳು ಒತ್ತೊತ್ತಾಗಿ ಎದ್ದಿದ್ದವು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ, ಬೆರಳ ತುದಿಯ ಕ್ರಿಮಿಗೆ ಬೇಕಾಯಿತು. ಅಕ್ಕ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಸ್ಪಿರಿಟ್ ಹಚ್ಚಿದ್ನಲ್ಲೋ," ಅಂದಳು.

"ಅದು ಒಣಗೋವರೆಗೂ ನೀನು ಕಾಯಲ್ವಲ್ಲ. ಕಾದರೂ ಪೂರ್ತಿ ಹೋಗಲ್ಲ. ಒರೆಸಿದ ಮೇಲೆ ಮುಟ್ಟಲೇಬಾರದು ಅನ್ನೋದು ಅದಕ್ಕೇ."

ಅವಳು ತಟ್ಟೆ ಕೆಳಗಿಟ್ಟಳು. ಆಮೇಲೆ ಕೇಳಿದಳು: "ಮೂರು ವರ್ಷದ ಹಿಂದಿನ ರಿಜಿಸ್ಟರ್ ಇದೆಯಾ?"

ಯಾವ ಪುಟ ಬೇಕು ಅಂತ ನಾನು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಅಕ್ಕನಿಗೆ ಮನೆ ಅಂದರೆ ಅತ್ತಿಗೆ. ಮದುವೆ ಬೇಡ ಅಂದವಳು ಅಣ್ಣನ ಮನೆಯಲ್ಲೇ ಉಳಿದಳು. ಅಣ್ಣ ತೀರಿಕೊಂಡ ಮೇಲೆ ಇವರಿಬ್ಬರೇ. ಅತ್ತಿಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು ಬೀದಿಯ ಬಟ್ಟೆಯನ್ನೆಲ್ಲ ಹೊಲಿಯುತ್ತಾಳೆ. ಬಾಯಿ ಜೋರು, ನಗು ಇನ್ನೂ ಜೋರು. ಅವಳ ಹೃದಯದ ಒಂದು ಕವಾಟ ಹುಟ್ಟಿನಿಂದಲೇ ದುರ್ಬಲ. ಮೂರು ವರ್ಷದ ಹಿಂದೆ ಅವಳಿಗೆ ಜ್ವರ ಬಂದು ಇಳಿಯದೆ ಆಸ್ಪತ್ರೆಗೆ ಸೇರಿಸಿದರು. ರಕ್ತ ತೆಗೆಯಬೇಕು ಅಂದಾಗ, "ನನ್ನ ನಾದಿನೀನ ಕರೀರಿ. ಬೇರೆಯವರು ನನ್ನ ತೋಳನ್ನ ಜರಡಿ ಮಾಡ್ತಾರೆ," ಅಂತ ಹಟ ಹಿಡಿದಳು. ಅಕ್ಕ ತೆಗೆದಳು. ಬಾಟಲಿಯಲ್ಲಿ ಕ್ರಿಮಿ ಬೆಳೆಯಿತು. ಚರ್ಮದ್ದೂ ಇರಬಹುದು, ಇನ್ನೊಂದು ಸಲ ಕಳಿಸಿ ಅಂತ ನಾನೇ ಬರೆದೆ. ಇನ್ನೊಂದು ಸಲವೂ ಅಕ್ಕನೇ ತೆಗೆದಳು. ಅದರಲ್ಲೂ ಅದೇ ಕ್ರಿಮಿ ಬೆಳೆಯಿತು. ಎರಡು ಸಲ ಬಂದ ಮೇಲೆ ಡಾಕ್ಟರುಗಳು ಅನುಮಾನ ಪಡಲಿಲ್ಲ. ಕ್ರಿಮಿ ಕವಾಟಕ್ಕೆ ಹತ್ತಿದರೆ ಜೀವಕ್ಕೇ ಅಪಾಯ ಅಂತ ಬಲವಾದ ಔಷಧಿಯನ್ನು ವಾರಗಟ್ಟಲೆ ನರಕ್ಕೆ ಕೊಟ್ಟರು. ಕಿವಿಗೆ ಪೆಟ್ಟಾಗಬಹುದು ಅಂತ ಮೊದಲೇ ಹೇಳಿದ್ದರು. ಹಾಗೇ ಆಯಿತು. ಅತ್ತಿಗೆಗೆ ಎರಡೂ ಕಿವಿ ಹೋದವು.

ಅವಳು ಆಮೇಲೆ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಳು. ಮೆಷಿನಿನ ಸದ್ದು ಕೇಳದಿದ್ದರೂ ದಾರ ಕಡಿದದ್ದು ಬೆರಳಿಗೆ ಗೊತ್ತಾಗುತ್ತದೆ ಅನ್ನುತ್ತಿದ್ದಳು. ಬಟ್ಟೆ ಕೊಡಲು ಬಂದವರಿಗೆಲ್ಲ ಅವಳು ಹೇಳುತ್ತಿದ್ದ ಕಥೆ ಒಂದೇ: "ಆ ಕ್ರಿಮೀನ ಹಿಡಿದು ತೋರಿಸಿದ್ದೇ ನನ್ನ ನಾದಿನಿ ಕೈ. ಇಲ್ಲದಿದ್ರೆ ನಾನು ಯಾವತ್ತೋ ಫೋಟೋ ಆಗ್ತಿದ್ದೆ. ಕಿವಿ ಹೋದರೆ ಹೋಗಲಿ, ಜೀವ ಉಳೀತು!"

ರಿಜಿಸ್ಟರಿನ ಆ ಪುಟ ತೆಗೆದೆ. ಎರಡು ಸಾಲು, ಎರಡರಲ್ಲೂ ಚರ್ಮದಲ್ಲಿ ಇರುವ ಕ್ರಿಮಿಯ ಹೆಸರು, ಎರಡರ ಕೆಳಗೂ ನನ್ನ ಸಹಿ. ಅಂಚಿನಲ್ಲಿ ಪೆನ್ಸಿಲಿನಿಂದ ನಾನು ಒಂದು ಪುಟ್ಟ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. ಹಾಕಿದ್ದು ನನಗೇ ಮರೆತುಹೋಗಿತ್ತು. ಅಕ್ಕ ಅದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಎರಡು ಏಟು ಹಾಕಿದ್ದರೆ ವಾಸಿಯಿತ್ತು.

ಇಬ್ಬರೂ ಲೆಕ್ಕದ ಡಾಕ್ಟರಮ್ಮನ ಹತ್ತಿರ ಹೋದೆವು. ಅವಳು ಹಳೆಯ ಕಾಗದಗಳನ್ನೆಲ್ಲ ತಿರುವಿ ನೋಡಿ ಕನ್ನಡಕ ತೆಗೆದಿಟ್ಟಳು. "ಹಾಗೇ ಆಗಿರಬಹುದು, ಆಗಿಲ್ದೇನೂ ಇರಬಹುದು. ನೂರು ಜನರ ವಿಷಯ ಲೆಕ್ಕ ಹೇಳುತ್ತೆ ಸಿಸ್ಟರ್, ಒಬ್ಬರ ವಿಷಯ ಹೇಳಲ್ಲ," ಅಂದಳು. ಸುಳ್ಳು ಸಮಾಧಾನ ಹೇಳಲಿಲ್ಲ ಅನ್ನುವುದಕ್ಕೆ ಅವಳ ಮೇಲೆ ನನಗೆ ಮೊದಲ ಸಲ ಗೌರವ ಬಂತು.

ಅಲ್ಲಿಂದ ಅಕ್ಕನಿಗೆ ಶುರುವಾದದ್ದು ಸಂಕಟ. ಅತ್ತಿಗೆಗೆ ಹೇಳಬೇಕೋ ಬೇಡವೋ? ಹೇಳಬೇಡ ಅಂತ ನಾನು ಬೇಡಿಕೊಂಡೆ. "ಹೇಳಿದರೆ ಕಿವಿ ವಾಪಸ್ ಬರುತ್ತಾ? ಆ ಜೀವ ನಿನ್ನ ಕೈ ನಂಬ್ಕೊಂಡು ಖುಷಿಯಾಗಿದೆ. ಅದನ್ನೂ ಯಾಕೆ ಕಿತ್ಕೊಳ್ತೀಯಾ?" ಅಂದೆ. ಅದರಲ್ಲಿ ನನ್ನ ಸ್ವಾರ್ಥವೂ ಇತ್ತು. ಅವಳು ಬಾಯಿಬಿಟ್ಟರೆ ನನ್ನ ಪೆನ್ಸಿಲ್ ಗುರುತೂ ಹೊರಗೆ ಬರುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ನನ್ನದಾಗಿತ್ತು.

ಅಕ್ಕ ಕತ್ತರಿಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಇಡೀ ಗ್ಲೌಸ್ ಹಾಕಿಕೊಂಡು, ಒರೆಸಿದ ಮೇಲೆ ಮೂವತ್ತರವರೆಗೆ ಎಣಿಸಿ, ಮುಟ್ಟದೆ ಚುಚ್ಚತೊಡಗಿದಳು. ಕೈ ಸೋತುಹೋಯಿತು. ಎರಡು ಚುಚ್ಚು, ಒಮ್ಮೊಮ್ಮೆ ಮೂರು. "ಒಂಚುಚ್ಚಕ್ಕನಿಗೆ ವಯಸ್ಸಾಯ್ತು," ಅಂತ ವಾರ್ಡಿನಲ್ಲಿ ಗುಸುಗುಸು ಎದ್ದಿತು. ಅವಳ ಪಾಳಿ ಹುಡುಕಿಕೊಂಡು ಬರುತ್ತಿದ್ದವರು ಬೇರೆಯವರ ಮುಂದೆ ಕೂತರು. ಮನೆಗೆ ಹೋದರೆ ಅತ್ತಿಗೆ ತಟ್ಟೆ ಹಾಕಿ, ಎದುರು ಕೂತು, ಮಾತಿಗಾಗಿ ಇವಳ ತುಟಿ ನೋಡುತ್ತಿದ್ದಳಂತೆ. ಇವಳು ತಲೆ ತಗ್ಗಿಸಿ ಉಂಡು ಎದ್ದುಬಿಡುತ್ತಿದ್ದಳಂತೆ. "ತುಟಿ ಅಲ್ಲಾಡಿದರೆ ಎಲ್ಲಾ ಗೊತ್ತಾಗಿಬಿಡುತ್ತೆ ಅಂತ ಭಯ ಕಣೋ," ಅಂದಳು ಒಂದು ದಿನ.

ಎರಡನೇ ಚಾರ್ಟ್ ಬಂದಾಗ ಏಳನೇ ನಂಬರು ಮೂರಕ್ಕೆ ಇಳಿದಿತ್ತು. ನಾಲ್ಕೂ ಒಂಬತ್ತೂ ಆರರಲ್ಲೇ ಇದ್ದವು. ಅಕ್ಕನ ಕೈಯಲ್ಲಿ ಕಲಿತ ಹುಡುಗಿಯರು ಅವರು. ಅವರ ಕತ್ತರಿಗಳು ಇನ್ನೂ ಜೇಬಿನಲ್ಲೇ ಇದ್ದವು. ತಾನು ಕತ್ತರಿ ಬಿಟ್ಟದ್ದು ಯಾಕೆ ಅಂತ ಅಕ್ಕ ಅವರಿಗೆ ಹೇಳಿರಲಿಲ್ಲ. ಲೆಕ್ಕದ ಡಾಕ್ಟರಮ್ಮ ಅವರನ್ನು ಕರೆದು ನಿಯಮ ಓದಿ ಹೇಳಿದ್ದಳು, ಅವರು ತಲೆ ಆಡಿಸಿ ಬಂದಿದ್ದರು. ಯಾವ ನಿಯಮವೂ ಒಂಚುಚ್ಚಕ್ಕನ ಬೆರಳಿಗಿಂತ ದೊಡ್ಡದು ಅಂತ ಅವರಿಗೆ ಅನ್ನಿಸಿರಲಿಲ್ಲ.

ಅದೇ ವಾರ ಅತ್ತಿಗೆಗೆ ಮತ್ತೆ ಜ್ವರ ಬಂತು.

ನಾಲ್ಕನೇ ದಿನಕ್ಕೂ ಇಳಿಯದಾಗ ವಾರ್ಡಿಗೆ ಸೇರಿಸಿದರು. ಬಾಟಲಿ ಕೊಡಲು ನಾನೇ ಹೋಗಿದ್ದೆ. ಕಿಟಕಿಯ ಪಕ್ಕದ ಮಂಚ, ಮಧ್ಯಾಹ್ನದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅತ್ತಿಗೆ ರವಿಕೆಯ ತೋಳು ಮೇಲೆ ಮಡಿಸಿಕೊಂಡು ರೆಡಿಯಾಗಿ ಕೂತಿದ್ದಳು. ಬೇರೊಬ್ಬ ನರ್ಸ್ ಬಂದಾಗ ತೋಳು ಹಿಂದಕ್ಕೆಳೆದುಕೊಂಡು, "ನನ್ನ ನಾದಿನಿ ಎಲ್ಲಿ?" ಅಂತ ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಿದಳು.

ಅಕ್ಕ ಬಂದಳು. ಸೂಜಿಯ ತಟ್ಟೆ ಕೆಳಗಿಟ್ಟು ಅತ್ತಿಗೆಯ ಎದುರು ಕೂತು, ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ತಿರುಗಿದಳು. ನನಗೆ ಅರ್ಥವಾಯಿತು. ಓಡಿಹೋಗಬೇಕು ಅನ್ನಿಸಿತು, ಆದರೂ ಬಾಟಲಿ ಹಿಡಿದು ಅಲ್ಲೇ ನಿಂತೆ.

"ಅತ್ತಿಗೆ, ನನ್ನ ಮುಖ ನೋಡಿ. ಆವತ್ತು ಬಾಟಲೀಲಿ ಬೆಳೆದ ಕ್ರಿಮಿ ನಿಮ್ಮ ರಕ್ತದ್ದಲ್ಲ ಅನ್ಸುತ್ತೆ. ಅದು ನನ್ನ ಬೆರಳಿಂದು. ಎರಡು ಸಲವೂ. ನಿಮಗೆ ಆ ಔಷಧಿ ಬೇಕಾಗೇ ಇರಲಿಲ್ವೇನೋ."

ಅತ್ತಿಗೆ ತುಟಿಗಳನ್ನೇ ನೋಡುತ್ತಿದ್ದಳು. ಹುಬ್ಬು ಗಂಟಾಯಿತು. "ಇನ್ನೊಂದ್ಸಲ ಹೇಳು," ಅಂದಳು. ಅಕ್ಕ ಇನ್ನೊಂದು ಸಲ ಹೇಳಿದಳು. ಅಂಥ ಮಾತನ್ನು ಎರಡು ಸಲ ಹೇಳಬೇಕಾದ ಶಿಕ್ಷೆ ನನ್ನ ಶತ್ರುವಿಗೂ ಬೇಡ. ಅತ್ತಿಗೆ ಗೋಡೆಯ ಕಡೆ ತಿರುಗಿಕೊಂಡಳು. ಆಮೇಲೆ, ತಿರುಗದೆಯೇ, ತೋಳು ಮಾತ್ರ ಇತ್ತ ಚಾಚಿದಳು.

"ಹಾಗಾದ್ರೆ ಇವತ್ತು ಮುಟ್ಟಬೇಡ. ಚುಚ್ಚು," ಅಂದಳು.

ಅಕ್ಕ ಒರೆಸಿ ಎಣಿಸಿದಳು. ಮೊದಲನೇ ಚುಚ್ಚು ತಪ್ಪಿತು. ಎರಡನೆಯದೂ ತಪ್ಪಿತು. ಅತ್ತಿಗೆಯ ಮುಷ್ಟಿ ಬಿಗಿಯಿತು, ತೋಳು ಹಿಂದೆ ಬರಲಿಲ್ಲ. ಮೂರನೆಯದಕ್ಕೆ ರಕ್ತ ಬಂತು.

ಆ ಬಾಟಲಿಯನ್ನು ನಾನು ಐದು ದಿನ ಕಾದೆ. ದಿನಕ್ಕೆ ಒಂದು ಸಲ ನೋಡಬೇಕಾದದ್ದನ್ನು ಹತ್ತು ಸಲ ನೋಡಿದೆ. ಕವಾಟಕ್ಕೆ ನಿಜವಾಗಿ ಕ್ರಿಮಿ ಹತ್ತಿದ್ದರೆ ಏನು ಗತಿ ಅಂತ ಒಂದು ಭಯ. ಏನೂ ಬೆಳೆಯದಿದ್ದರೆ ಆವತ್ತಿನದೂ ಹೀಗೇ ಇತ್ತು ಅಂತ ಆಗುತ್ತದಲ್ಲ ಅಂತ ಇನ್ನೊಂದು. ಆ ಐದು ದಿನ ಅತ್ತಿಗೆ ಅಕ್ಕನ ಜೊತೆ ಒಂದು ಮಾತೂ ಆಡಲಿಲ್ಲ. ಅಕ್ಕ ಏನಾದರೂ ಹೇಳಲು ಎದುರು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿದರೆ ಅವಳಿಗೆ ಲೋಕವೇ ಮೌನ.

ಐದನೇ ದಿನಕ್ಕೂ ಬಾಟಲಿ ತಿಳಿಯಾಗಿಯೇ ಇತ್ತು, ಏನೂ ಬೆಳೆದಿರಲಿಲ್ಲ. ಜ್ವರವೂ ತಾನಾಗಿ ಇಳಿದಿತ್ತು. ರಿಪೋರ್ಟ್ ಹಿಡಿದು ಹೋದೆ. ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು, ಒಳಗೆ ಬರಲಿಲ್ಲ. ಅತ್ತಿಗೆ ಕಾಗದ ಓದಿ ಮಡಿಸಿ ನನ್ನ ಮುಖ ನೋಡಿದಳು.

"ಆವತ್ತೂ ಹೀಗೇ ಇರ್ತಿತ್ತಾ?"

"ಇರಬಹುದು," ಅಂದೆ ನೆಲ ನೋಡುತ್ತಾ.

"ಬಾಯಿ ತೆರೆದು ಹೇಳಪ್ಪ. ನೆಲಕ್ಕೆ ಹೇಳಿದರೆ ನನಗೆ ಕಾಣಿಸಲ್ಲ."

ತಲೆ ಎತ್ತಿದೆ. "ಇರಬಹುದಿತ್ತು. ನನಗೆ ಆವತ್ತೇ ಅನುಮಾನ ಬಂದಿತ್ತು. ಬೇರೆಯವರ ಕೈಲಿ ತೆಗೆಸಿ ಅಂತ ಬರೀಬೇಕಾಗಿತ್ತು, ಬರೀಲಿಲ್ಲ," ಅಂದೆ. ಕಣ್ಣಲ್ಲಿ ನೀರು ಬಂತು, ನಾಚಿಕೆಯಾಗಲಿಲ್ಲ.

ಅವಳು ಕಾಗದವನ್ನು ದಿಂಬಿನ ಕೆಳಗೆ ತಳ್ಳಿದಳು. ಆಮೇಲೆ ಕೇಳಿದಳು: "ನಿಮ್ಮದೊಂದು ಚಾರ್ಟ್ ಇದೆಯಂತಲ್ಲ ಕ್ಯಾಂಟೀನಲ್ಲಿ. ಅದರಲ್ಲಿ ನನ್ನ ಕಿವಿ ಸೇರಿದೆಯಾ?"

"ಇಲ್ಲ. ಅದು ಈ ವರ್ಷದ್ದು. ಬರೀ ಬಾಟಲಿ ಲೆಕ್ಕ."

"ಮತ್ತೆ ಆ ಹುಡುಗೀರಿಗೆ ಹೇಗೆ ಗೊತ್ತಾಗುತ್ತೆ?" ಅಂದಳು. ದನಿ ಏರಿತು. "ಹನ್ನೊಂದು ಅಂದರೆ ಏನು ಅಂತ ಯಾರಿಗೆ ಗೊತ್ತಾಗುತ್ತೆ? ನನ್ನ ಕಿವೀನೂ ಲೆಕ್ಕಕ್ಕೆ ಹಾಕ್ರಿ. ಹಾಕೋವಾಗ ನಾನೂ ಬರ್ತೀನಿ."

ಬೇಡ ಅನ್ನುವ ಧೈರ್ಯ ಲೆಕ್ಕದ ಡಾಕ್ಟರಮ್ಮನಿಗೂ ಆಗಲಿಲ್ಲ. ಚಾರ್ಟಿನ ವಿಷಯ ಎಲ್ಲರಿಗೂ ಹೇಳುವ ಸಭೆ ಮೇಲಿನ ಮಹಡಿಯ ಉದ್ದ ಕೋಣೆಯಲ್ಲಿ ನಡೆಯಿತು. ನರ್ಸುಗಳು, ನಾವು, ನಾಲ್ಕು ಮಂದಿ ಡಾಕ್ಟರುಗಳು. ಅತ್ತಿಗೆ ತಾನೇ ಹೊಲಿದ ಹಸಿರು ರವಿಕೆ ತೊಟ್ಟು ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತಿದ್ದಳು. ಅಕ್ಕನ ಜೊತೆ ಬಸ್ಸಿನಲ್ಲಿ ಬಂದವಳು, ಆದರೆ ಇಬ್ಬರ ನಡುವೆ ಮಾತು ಇನ್ನೂ ಸರಿಯಾಗಿರಲಿಲ್ಲ ಅಂತ ನೋಡಿದರೇ ತಿಳಿಯುತ್ತಿತ್ತು.

ಕ್ಯಾಂಟೀನಿನ ಮೊದಲ ಚಾರ್ಟನ್ನು ಇಲ್ಲಿನ ಗೋಡೆಗೆ ತಂದು ಹಾಕಿದ್ದರು; ಅಕ್ಕ ಎದ್ದು ಅದರ ಪಕ್ಕ ನಿಂತಳು. ಏಳನೇ ನಂಬರಿನ ಹಳೆಯ ಉದ್ದ ಪಟ್ಟಿ ಅವಳ ಭುಜದ ಹತ್ತಿರಕ್ಕೆ ಬರುತ್ತಿತ್ತು. "ಏಳನೇ ನಂಬರು ನಾನು," ಅಂದಳು. ಕ್ಯಾಂಟೀನಿನಲ್ಲಿ ಮುಖ ಸಪ್ಪಗೆ ಮಾಡಿಕೊಂಡಿದ್ದ ಹೊಸಬಳು ತಲೆ ಎತ್ತಿದಳು. "ನನ್ನ ಬೆರಳು..." ಅಂದವಳೇ ಮುಂದೆ ಹೇಳಲಾರದೆ ಎಡಗೈಯಿಂದ ಬಾಯಿ ಮುಚ್ಚಿಕೊಂಡಳು. ಅಳು ಬಂದಿತ್ತು. ಬೆರಳ ಸಂದಿನಿಂದ ಏನೇನೋ ಮಾತು ಬರುತ್ತಿತ್ತು, ಹಿಂದಿನ ಸಾಲಿನವರಿಗೂ ಕೇಳಿಸುತ್ತಿತ್ತು. ಕೆಲವರು ಸಾಕು ಬಿಡಕ್ಕಾ ಅಂತ ಏಳತೊಡಗಿದರು.

"ಕೈ ತೆಗಿ," ಅಂತ ಮುಂದಿನ ಸಾಲಿನಿಂದ ಗಟ್ಟಿಯಾದ ದನಿ ಬಂತು. "ನನಗೆ ಕಾಣಿಸ್ತಿಲ್ಲ. ಮೊದಲಿಂದ ಹೇಳು."

ಅಕ್ಕ ಬಾಯಿಯ ಮೇಲಿನ ಕೈ ತೆಗೆದಳು. ಅತ್ತಿಗೆಯ ಮುಖ ನೋಡಿಕೊಂಡು, ನಿಧಾನವಾಗಿ, ಒಂದೊಂದು ಮಾತನ್ನೂ ಬಿಡಿಸಿ, ಮೊದಲಿಂದ ಹೇಳಿದಳು.